ಅಮ್ಮತ್ತಿಯಲ್ಲಿ ಪರೀಕ್ಷೆಗೆ ಕೂತ ಹೆಣ

ಮೂರನೇ ಸಲ ಕಣ್ರೀ! ಒಂದೇ ಪರೀಕ್ಷೆಗೆ ಮೂರನೇ ಸಲ ಕೂತಿದ್ದೆ ನಾನು, ಅದೂ ನನ್ನದೇನೂ ತಪ್ಪಿಲ್ಲದೆ. ಕೊಡಗು ಇನ್ನೂ ತನ್ನದೇ ಒಂದು ರಾಜ್ಯವಾಗಿದ್ದ ಕಾಲ ಅದು. ಅಮ್ಮತ್ತಿಯ ಹಳೇ ಕಾಫಿ ಗೋಡೌನಿನಲ್ಲಿ ಚಿತ್ರಕಲೆಯ ಫೌಂಡೇಶನ್ ತರಗತಿ ಅಂತ ಶುರು ಮಾಡಿದ್ರು. ಒಂದು ವರ್ಷದ ಕೋರ್ಸು. ಗೆರೆ, ನೆರಳು, ಬಣ್ಣ, ಡಿಸೈನು, ಎಲ್ಲದರಲ್ಲೂ ನಾನು ಪಾಸು. ಉಳಿದಿದ್ದು ಒಂದೇ, ಕೂತ ಮನುಷ್ಯನನ್ನ ನೋಡಿ ಬರೆಯೋದು. ಕೂತ ಮನುಷ್ಯ ಕೂತೇ ಇರಬೇಕಲ್ಲ! ಮೊದಲನೇ ವರ್ಷ ಪಾಪ ಅನ್ನೋನನ್ನ ಕೂರಿಸಿದ್ರು. ಅವನ ಪಂಚೆಯೊಳಗೆ ಕಟ್ಟಿರುವೆ ಹೋಯ್ತು, ಅವನು ಗೋಡೌನಿನಿಂದ ಹೊರಗೆ ಹೋದ. ಎರಡನೇ ವರ್ಷ ತೋಟದ ಆಳು ಹುಚ್ಚಮ್ಮ. ಅರ್ಧ ಮುಖ ಬರೆದಿದ್ದೆ, ತೋಟದ ಲೆಕ್ಕ ಬರೆಯೋ ರೈಟರ್ ಬಂದು 'ಕಾಫಿ ಪಿಕಿಂಗಿಗೆ ಆಳಿಲ್ಲ ಬಾರಮ್ಮ' ಅಂದ, ಎದ್ದು ಹೊರಟೇ ಬಿಟ್ಲು. ಮಾಡೆಲ್ ಅಲ್ಲಾಡಿದ್ರೆ ಪರೀಕ್ಷೆ ರದ್ದು, ಅದು ರೂಲು. ಮೂರು ಸಲಕ್ಕಿಂತ ಹೆಚ್ಚು ಕೂರೋ ಹಾಗಿಲ್ಲ, ಅದೂ ರೂಲು.

ಪಾಸಾದ್ರೆ ಕುಶಾಲನಗರದ ಹತ್ತಿರ ನಮ್ಮೂರಿನ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಕೆಲಸ. ಫೇಲಾದ್ರೆ ನಿನ್ನ ಪೆನ್ಸಿಲೆಲ್ಲ ಒಲೆಗೆ ಅಂತ ಅಪ್ಪ ಹೇಳಿಯಾಗಿತ್ತು. ಹಾಸನದ ಕಡೆಯಿಂದ ಬಂದು ಗದ್ದೆ ಮಾಡಿಕೊಂಡವರು ನಾವು. ಗದ್ದೆಯಲ್ಲಿ ಬೆಳೆಯದೇ ಇರೋದೆಲ್ಲ ಅಪ್ಪನಿಗೆ ದಂಡ.

ಈ ಸಲ ನಾನೇ ಹೋಗಿ ದೇರಪ್ಪಜ್ಜನ ಕೈಕಾಲು ಹಿಡಿದೆ. ಅಮ್ಮತ್ತಿಯಲ್ಲಿ ನಾನು ಇಳಿದುಕೊಂಡಿದ್ದ ಮನೆಯ ಪಕ್ಕದಲ್ಲೇ ಒಬ್ಬರೇ ಇದ್ದವರು ಅವರು. ಮರದ ಮೇಲೆ ಕೂತು ಕಾಡುಹಂದಿಗೆ ಕಾದವರು, ಕೂರೋದು ಅವರಿಗೆ ಹೊಸದಲ್ಲ.

"ಯಮುನ, ನೀನು ಮುಗೀತು ಅನ್ನೋ ತನಕ ನಾನು ಕದಲಲ್ಲ ಮಗಾ," ಅಂದ್ರು. "ಆಕಾಶವೇ ಬೀಳಲಿ."

ಮೈಸೂರಿನಿಂದ ಬಂದ ಪರೀಕ್ಷಕರು ಕನ್ನಡಕದೊಳಗಿಂದ ಎಲ್ಲವನ್ನೂ ರೂಲಿನ ಪ್ರಕಾರ ನೋಡೋ ಮನುಷ್ಯ. ನಮ್ಮ ಮೇಷ್ಟ್ರನ್ನ ಬಾಗಿಲಲ್ಲೇ ತಡೆದು ಮನೆಗೆ ಕಳಿಸಿದ್ರು. ಕಲಿಸಿದವರು ಪರೀಕ್ಷೆಯ ಹತ್ತಿರ ಸುಳಿಯೋ ಹಾಗಿಲ್ಲವಂತೆ. ಆಮೇಲೆ ದೇರಪ್ಪಜ್ಜನ ಖಾಕಿ ಅಂಗಿ ನೋಡಿ ಮುಖ ಹುಳಿ ಮಾಡಿಕೊಂಡ್ರು.

"ಬಿಳಿ ಬಟ್ಟೆ ಇಲ್ವೇನ್ರೀ? ಬಿಳಿ ಮೇಲೆ ನೆರಳು ಚೆನ್ನಾಗಿ ಬೀಳುತ್ತೆ."

"ಇರೋದು ಒಂದು ಬಿಳಿ ಕುಪ್ಪಸ," ಅಂದ್ರು ಅಜ್ಜ. ಕುಪ್ಪಸ ಅಂದ್ರೆ ಅಲ್ಲಿ ಗಂಡಸರು ತೊಡೋ ಮೊಣಕಾಲುದ್ದದ ನಿಲುವಂಗಿ. "ಬಿಳೀದೇ ಬೇಕಾ ಸಾರ್?"

"ಬಿಳೀದೇ."

ಅಜ್ಜ ಒಂದು ಸಲ ಹುಬ್ಬೇರಿಸಿ, ಮನೆಗೆ ಹೋಗಿ ಹಾಕಿಕೊಂಡು ಬಂದ್ರು. ಆ ಕಡೆಯ ಜನ ಬಿಳಿ ಕುಪ್ಪಸ ಹಾಕೋದು ಮದುವೆ ಗಂಡಿಗೆ, ಬಿಟ್ರೆ ಹೆಣಕ್ಕೆ. ಅದು ನನಗೆ ಗೊತ್ತಾಗಿದ್ದು ಆಮೇಲೆ. ಗೋಡೌನು ಕತ್ತಲೆ ಅಂತ ಪರೀಕ್ಷಕರು ಅಜ್ಜನ ಕುರ್ಚಿ ಪಕ್ಕ ಒಂದು ದೀಪ ಹಚ್ಚಿಟ್ರು, ಕಣ್ಣು ಮುಚ್ಚಿಕೊಳ್ಳಿ ಅಂದ್ರು, ರೆಪ್ಪೆ ಬಡೀಬಾರದು ಅಂತ. ಸುತ್ತ ನಾವು ಏಳೆಂಟು ಜನ ಹಲಗೆ ಮೇಲೆ ತಲೆ ಬಗ್ಗಿಸಿ ಕೂತೆವು. ಯಾರೂ ಪಿಟಕ್ ಅನ್ನಬಾರದು, ಅಂದವರು ಆಚೆಗೆ. ಜವಾನ ಲಿಂಗ ಗಂಟೆ ಬಾರಿಸಿದ. ಇನ್ನು ಅವನು ಮತ್ತೆ ಗಂಟೆ ಹೊಡೆಯೋ ತನಕ ಪರೀಕ್ಷೆ.

ಪಕ್ಕದ ತೋಟದ ಸುಬ್ಬಯ್ಯ ಅನ್ನೋರು ಕಿಟಕಿಯಲ್ಲಿ ಇಣುಕಿದ್ದು ಆಗಲೇ. ಬಿಳಿ ಕುಪ್ಪಸ, ಪಕ್ಕದಲ್ಲಿ ದೀಪ, ಮುಚ್ಚಿದ ಕಣ್ಣು, ಸುತ್ತ ತಲೆ ತಗ್ಗಿಸಿದ ಜನ. ಅಯ್ಯೋ ಅಂತ ಬಾಯಿ ಮೇಲೆ ಕೈಯಿಟ್ಟುಕೊಂಡು ಓಡಿದ್ರು. ನಾನು ಕುಪ್ಪಸದ ತೋಳು ಬರೀತಿದ್ದೆ, ಹೊರಗೆ ಢಮ್ ಢಮ್ ಅಂತ ಎರಡು ಗುಂಡು ಹಾರಿದ್ವು. ನಮ್ಮ ಕಡೆ ಸಾವಿಗೆ ತಮಟೆ, ಅಲ್ಲಿ ಜೋಡಿ ಗುಂಡು. ಪಾಪ ಯಾರಿಗೇನಾಯ್ತೋ ಅಂದುಕೊಂಡು ನಾನು ಎರಡನೇ ತೋಳಿಗೆ ಹೋದೆ.

ಸ್ವಲ್ಪ ಹೊತ್ತಿಗೆ ಜನ ಬರೋಕೆ ಶುರುವಾಯ್ತು. ಒಬ್ಬೊಬ್ಬರೇ ಚಪ್ಪಲಿ ಬಿಟ್ಟು ಒಳಗೆ ಬಂದು, ಅಜ್ಜನ ಕಾಲು ಮುಟ್ಟಿ, ಗೋಡೆಗೆ ಒರಗಿ ನಿಂತುಕೊಂಡ್ರು. ಪರೀಕ್ಷಕರು ಗಾಬರಿಯಾಗಿ ರೂಲಿನ ಪುಸ್ತಕ ತಿರುವಿ ಹಾಕಿದ್ರು. ಅಭ್ಯರ್ಥಿಗಳು ಮಾತಾಡಬಾರದು ಅಂತಿತ್ತೇ ಹೊರತು ಊರಿನವರು ಅಳಬಾರದು ಅಂತ ಇರಲಿಲ್ಲ.

"ಅಳ್ರೀ, ಆದರೆ ಮಾಡೆಲನ್ನ ಅಲ್ಲಾಡಿಸಬೇಡಿ," ಅಂದ್ರು.

ರಾಮಮ್ಮ ಅನ್ನೋ ಮುದುಕಿ ಅಜ್ಜನ ಕೈ ಹಿಡಿದು, "ಇನ್ನೂ ಬೆಚ್ಚಗಿದೆಯಲ್ಲೋ!" ಅಂತ ಕೂಗಿಕೊಂಡ್ಲು. "ದೀಪದ ಕಾವು ಕಣಕ್ಕ," ಅಂದ್ರು ಸುಬ್ಬಯ್ಯ. ಆಮೇಲೆ ಇಬ್ಬರೂ ಸೇರಿ ಅಜ್ಜನಿಗೆ ಎದೆವರೆಗೂ ಒಂದು ಹೊಸ ಬಟ್ಟೆ ಹೊದಿಸಿಬಿಟ್ರು. ನನಗೆ ಸಿಟ್ಟು ನೆತ್ತಿಗೇರಿತು. ತೋಳು ಎರಡೂ ಮುಗಿದು ಬೆರಳಿಗೆ ಬಂದಿದ್ದೆ! ಉಜ್ಜಿ ಹಾಕಿ ಬಟ್ಟೆಯ ಮಡಿಕೆ ಬರೆಯೋಕೆ ಕೂತೆ. ಬದುಕಿದ್ದಾರೆ ಅಂತ ಒಂದು ಮಾತು ಹೇಳೋದು ಎಷ್ಟು ಹೊತ್ತು? ಹೇಳಿದ್ರೆ ನಾನು ಆಚೆಗೆ, ಅಜ್ಜ ಎದ್ರೆ ಎಲ್ಲರ ಪರೀಕ್ಷೆ ರದ್ದು. ಅಜ್ಜನೂ ಕೊಟ್ಟ ಮಾತಿಗೆ ಕಟ್ಟುಬಿದ್ದು ಕಲ್ಲಾಗಿ ಕೂತಿದ್ರು.

ಆಮೇಲೆ ತಿಮ್ಮಯ್ಯನವರು ಬಂದ್ರು. ಅಜ್ಜನ ಸ್ವಂತ ಅಣ್ಣ. ಯಾವುದೋ ಬೇಟೆಯಲ್ಲಿ ಬಿದ್ದ ಹಂದಿ ಯಾರ ಗುಂಡಿಗೆ ಬಿತ್ತು ಅಂತ ಜಗಳವಾಗಿ, ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ವು. ಎದುರು ಬಂದ್ರೆ ಒಬ್ಬರು ರಸ್ತೆ ದಾಟೋರು. ಅಂಥ ಮನುಷ್ಯ ದೊಣ್ಣೆ ಬಿಸಾಕಿ ತಮ್ಮನ ಮೊಣಕಾಲಿಗೆ ಹಣೆ ಹಚ್ಚಿ ಹೋ ಅಂತ ಅತ್ತರು.

"ನಿನ್ನ ಗುಂಡೇ ಕಣೋ! ಆ ಹಂದಿಗೆ ಬಿದ್ದಿದ್ದು ನಿನ್ನ ಗುಂಡೇ! ನನ್ನದು ಹಲಸಿನ ಮರಕ್ಕೆ ಬಿತ್ತು, ನಾನೇ ಕಣ್ಣಾರೆ ನೋಡಿದೀನಿ. ಒಂದು ಸಲ ಕಣ್ಣು ಬಿಡೋ ದೇರಪ್ಪ!"

ಅಜ್ಜನ ಮುಚ್ಚಿದ ರೆಪ್ಪೆಯ ಸಂದಿಯಿಂದ ನೀರು ಇಳೀತು. ಅದನ್ನ ನೋಡಿದ್ದು ನಾನೊಬ್ಬಳೇ. ತುಟಿ ಎಷ್ಟು ನಡುಗ್ತಿತ್ತು ಅಂದ್ರೆ, ಎಲ್ಲ ಬರೆದು ಬಾಯಿ ಒಂದನ್ನೇ ಬಿಟ್ಟಿದ್ದ ನನ್ನ ಪೆನ್ಸಿಲು ಅಲ್ಲೇ ನಿಂತುಬಿಡ್ತು. ಒಂದೇ ಒಂದು ಗಳಿಗೆ ಆ ತುಟಿ ನೆಟ್ಟಗಿದ್ದಿದ್ರೆ ನಾನು ಪಾಸು.

ಗಂಟೆಯಾದ್ರೂ ಹೊಡೀಬಾರದಾ ಅಂತ ಬಾಗಿಲ ಕಡೆ ನೋಡಿದೆ. ಲಿಂಗ ಇಲ್ಲ! ಪರೀಕ್ಷಕರು ಕೇಳಿದ್ದಕ್ಕೆ ಸುಬ್ಬಯ್ಯ, "ಅವನು ಸೌದೆ ಕಡಿಯೋಕೆ ಹೋಗಿದಾನೆ ಸಾರ್, ಸುಡಬೇಕಲ್ಲ," ಅಂದ್ರು.

"ಗಂಟೆ ಹೊಡೆಯೋದು ಜವಾನನ ಕೆಲಸ. ಅವನು ಬರೋ ತನಕ ಪರೀಕ್ಷೆ ಮುಗಿದಿಲ್ಲ," ಅಂದ್ರು ಪರೀಕ್ಷಕರು.

"ನಾವು ಹೊತ್ತು ಮುಳುಗೋದರೊಳಗೆ ಹೆಣ ಒಯ್ಯಬೇಕು," ಅಂದ್ರು ಸುಬ್ಬಯ್ಯ.

ಪರೀಕ್ಷಕರು ಮತ್ತೆ ಪುಸ್ತಕ ತೆಗೆದು, ತುಂಬಾ ಯೋಚನೆ ಮಾಡಿ ಹೇಳಿದ್ರು: "ಭಂಗಿ ಬದಲಾಗಬಾರದು ಅಂತಿದೆ. ಜಾಗ ಬದಲಾಗಬಾರದು ಅಂತಿಲ್ಲ. ಕುರ್ಚಿ ಸಮೇತ ಒಯ್ಯಿರಿ."

ಒಯ್ದರು ಸ್ವಾಮಿ! ಬಿದಿರಿಗೆ ಕುರ್ಚಿ ಕಟ್ಟಿ ನಾಲ್ಕು ಜನ ಹೊತ್ತರು. ಮುಂದೆ ವಾಲಗ, ಹಿಂದೆ ಹೆಂಗಸರು, ಕುರ್ಚಿಯ ಎಡಬಲಕ್ಕೆ ಹಲಗೆಯನ್ನ ಹೊಟ್ಟೆಗೆ ಒತ್ತಿಕೊಂಡು ಬರೀತಾ ನಡೆಯೋ ನಾವು. "ಯಾರೂ ಪಕ್ಕದವರದ್ದು ನೋಡಬೇಡಿ!" ಅಂತ ಪರೀಕ್ಷಕರು ದೀಪ ಹಿಡಿದು ಅಜ್ಜನ ಎಡಗಡೆಗೇ ನಡೆದ್ರು, ನೆರಳು ತಪ್ಪಬಾರದಲ್ಲ. ತಿಮ್ಮಯ್ಯನವರು ಕುರ್ಚಿಯ ಕಾಲು ಹಿಡಿದು ದಾರಿಯುದ್ದಕ್ಕೂ ಹಂದಿಯ ತಪ್ಪೊಪ್ಪಿಕೊಳ್ತಾ ಬಂದ್ರು. ಅಜ್ಜನ ತುಟಿ ನಡುಗೋದು ನಿಲ್ಲಲೇ ಇಲ್ಲ.

ಸುಡುವ ಜಾಗದಲ್ಲಿ ಲಿಂಗ ಸೌದೆ ಚೆನ್ನಾಗೇ ಒಟ್ಟಿದ್ದ, ಗಂಟೆ ಮಾತ್ರ ಗೋಡೌನಿನಲ್ಲೇ ಉಳಿದಿತ್ತು. ಕುರ್ಚಿ ಇಳಿಸಿದ್ರು. ಅಜ್ಜ ಒಂದೇ ಕಣ್ಣು, ಅದೂ ನನ್ನ ಕಡೆಯದ್ದು, ಕೂದಲೆಳೆಯಷ್ಟು ತೆರೆದ್ರು. ಮುಗೀತಾ ಮಗಾ ಅಂತ ಕೇಳ್ತಿತ್ತು ಆ ಕಣ್ಣು. ನಾನು ಇಲ್ಲ ಅಂತ ತಲೆ ಅಲ್ಲಾಡಿಸಿದ್ರೆ ಬೆಂಕಿ ಇಡೋ ತನಕವೂ ಕೂತಿರ್ತಿದ್ರು, ಅದು ನನಗೆ ಗೊತ್ತಿತ್ತು. ಈಗ ವಾಲಗ ನಿಂತಿತ್ತು, ತಿಮ್ಮಯ್ಯನವರಿಗೂ ಸುಸ್ತಾಗಿ ಮಾತು ನಿಂತಿತ್ತು. ಇನ್ನೊಂದು ಗಳಿಗೆಗೆ ತುಟಿ ನೆಟ್ಟಗಾಗ್ತಿತ್ತೋ ಏನೋ. ಅಷ್ಟರಲ್ಲಿ ಆ ಮುದುಕರು ತಮ್ಮನ ಪಾದವನ್ನ ತಮ್ಮ ತಲೆವಸ್ತ್ರದಿಂದ ಒರೆಸೋಕೆ ಕೂತ್ರು. ನಾನು ಹಲಗೆ ಕೆಳಗಿಟ್ಟೆ. ಹಾಳಾಗಿ ಹೋಗಲಿ ಈ ಪರೀಕ್ಷೆ!

"ಮುಗೀತಜ್ಜ!" ಅಂತ ಕಿರುಚಿದೆ. "ಏಳಿ!"

ದೇರಪ್ಪಜ್ಜ ಎದ್ದರು. ವಾಲಗದವರು ಕಾಫಿ ಗಿಡಗಳೊಳಗೆ ನುಗ್ಗಿದ್ರು, ರಾಮಮ್ಮ ಕೂತಲ್ಲೇ ಒರಗಿದ್ಲು. ಅಜ್ಜ ಯಾರನ್ನೂ ನೋಡದೆ ಅಣ್ಣನ ಭುಜ ಹಿಡಿದುಕೊಂಡು, "ಇನ್ನೊಂದು ಸಲ ಹೇಳು!" ಅಂದ್ರು. "ಯಾರ ಗುಂಡು ಅಂದೆ?"

ತಿಮ್ಮಯ್ಯನವರ ಮುಖ ಬೆಳ್ಳಗಾಯ್ತು, ಆಮೇಲೆ ಕೆಂಪಗಾಯ್ತು. "ನಾನು ಹೇಳಿದ್ದು ಸತ್ತವನಿಗೆ ಕಣೋ! ಬದುಕಿರೋನಿಗಲ್ಲ!"

"ಕೇಳಿಸ್ಕೊಂಡಿದ್ದು ಬದುಕಿರೋನೇ!"

"ಹಾಗಾದ್ರೆ ಗುಂಡು ನಂದೇ!"

ಶುರುವಾಯ್ತು ನೋಡಿ. ಹಂದಿಯಿಂದ ಹಲಸಿನ ಮರಕ್ಕೆ, ಹಲಸಿನ ಮರದಿಂದ ಅಜ್ಜಿಯ ಕಾಲದ ಕೋವಿಗೆ. ಬೈದಾಡ್ತಾ ಬೈದಾಡ್ತಾ ಅಣ್ಣ ತಮ್ಮನ ಕೈ ಬಿಟ್ಟಿರಲಿಲ್ಲ, ತಮ್ಮ ಅಣ್ಣನ ಭುಜ ಬಿಟ್ಟಿರಲಿಲ್ಲ.

ಪರೀಕ್ಷಕರು ಬೇರೆಯವರ ಹಾಳೆಗಳನ್ನೆಲ್ಲ ರದ್ದು ಅಂತ ಹರಿದು ಹಾಕೋಕೆ ಹೊರಟವರು, ಅವರವರ ಚಿತ್ರ ಪೂರ್ತಿಯಾಗಿರೋದು ನೋಡಿ, ಮಾಡೆಲ್ ಅಲ್ಲಾಡೋ ಮೊದಲೇ ಮುಗಿಸಿದಾರೆ ಅಂತ ಸುಮ್ಮನೆ ಕಟ್ಟಿಟ್ಟುಕೊಂಡ್ರು. ಕಡೆಗೆ ನನ್ನದನ್ನ ಎತ್ತಿಕೊಂಡ್ರು. ದೀಪ ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿದ್ರು. ಬಟ್ಟೆಯ ಮಡಿಕೆ, ಮುಚ್ಚಿದ ಕಣ್ಣು, ಅದರ ಕೆಳಗಿನ ಒದ್ದೆ, ಎಲ್ಲದರ ಮೇಲೂ ಬೆರಳಾಡಿಸಿದ್ರು. ಮೂಗಿನ ಕೆಳಗೆ ಬರೀ ಹಾಳೆ.

"ಬಾಯಿ ಎಲ್ಲಮ್ಮಾ?"

ಸೌದೆಯ ರಾಶಿ ಹಿಂದೆ ದೇರಪ್ಪಜ್ಜ ಅಣ್ಣನಿಗೆ, "ಊಟಕ್ಕೆ ಬಾ ಮನೆಗೆ, ನಿನ್ನ ಹಲ್ಲು ಮುರೀತೀನಿ!" ಅಂತ ಕಾಡೆಲ್ಲ ಕೇಳೋ ಹಾಗೆ ಕೂಗ್ತಿದ್ರು.

"ಅಲ್ಲಿದೆ ಸಾರ್," ಅಂದೆ.

"ಅದಕ್ಕೆ ನಾನು ಅಂಕ ಕೊಡೋಕಾಗಲ್ಲ."

"ಕೊಡಬೇಡಿ," ಅಂದೆ. ಅಂದು, ಅಲ್ಲೇ ಸೌದೆ ಮೇಲೆ ಕೂತು, ಬಿಕ್ಕಿ ಬಿಕ್ಕಿ ಅತ್ತೆ.