ರಾಜರ ‘ನಾವು’

ರಾಜಕುಮಾರನಿಗೆ ಹೊಸದಾಗಿ ಕಲಿತ ಕನ್ನಡದಲ್ಲಿ ಬಾಯಿಗೆ ಬಾರದಿದ್ದ ಪದ ಒಂದೇ: ‘ನಾನು’.

ಎಪ್ಪತ್ತೆರಡರಲ್ಲಿ ಉದಯವಿಕ್ರಮ ಜಯನಗರ ನಾಲ್ಕನೇ ಬ್ಲಾಕಿಗೆ ಬಾಡಿಗೆಗೆ ಬಂದಾಗ ಜೊತೆಗಿದ್ದದ್ದು ಎರಡು ಟ್ರಂಕು, ತೀರಿಕೊಂಡ ತಂಗಿಯ ಮಗಳು ಮಾಯಾ. ಹಿಮಾಲಯದ ಕಡೆಯ ಪುಟ್ಟ ರಾಜ್ಯದಿಂದ ಸ್ವಂತ ಅಣ್ಣನೇ ಗಡಿಪಾರು ಮಾಡಿದ್ದ. ಮಗುವಿಗೆ ಪಾಠ ಹೇಳಲು ಸಾರಕ್ಕಿಯಿಂದ ಸರಸ್ವತಿ ಬರತೊಡಗಿದಳು. ‘ನಮ್ಮ ಗವರ್ನೆಸ್’ ಎಂದು ಅವನು ಪರಿಚಯಿಸಿದ್ದು ಸೊಪ್ಪಿನ ಅಂಕಮ್ಮನ ಕಿವಿಗೆ ಗವರ್ನರ್ ಎಂದು ಬಿತ್ತು. ಅಂದಿನಿಂದ ಸರಸ್ವತಿ ಬೀದಿಗೆಲ್ಲ ಗೌರ್ನರಮ್ಮ.

“ನಮಗೆ ದಂಟಿನ ಸೊಪ್ಪು ಬೇಕು,” ಎನ್ನುತ್ತಿದ್ದ ಅವನು ಗಂಭೀರವಾಗಿ.

“ಎಷ್ಟು ಜನಕ್ಕೆ ಸ್ವಾಮಿ?”

“ನಮಗೆ.”

“ಅದೇ, ಎಷ್ಟು ಜನಕ್ಕೆ ಅಂತೀನಿ!”

ಒಳಗೆ ಸರಸ್ವತಿ ಸೆರಗು ಬಾಯಿಗೊತ್ತಿ ನಗುತ್ತಿದ್ದಳು. ಅವನ ಮನೆತನದಲ್ಲಿ ‘ನಾನು’ ಅನ್ನುವುದು ಆಳುಗಳ ಮಾತಂತೆ. ಮಗುವಿನ ಪಕ್ಕ ಅವನನ್ನೂ ಕೂರಿಸಿ ಅವಳು ತಿದ್ದಿದಳು: “ನೀವೊಬ್ರೇ ಇದ್ರೆ ನಾನು. ಎದುರಿಗಿರೋರನ್ನೂ ಸೇರಿಸ್ಕೊಂಡ್ರೆ ನಾವು. ತಿಳೀತಾ?”

“ನಮಗೆ ತಿಳಿಯಿತು,” ಎಂದ. ಸರಸ್ವತಿ ಹಣೆ ಚಚ್ಚಿಕೊಂಡಳು.

ಸಂಜೆ ಅವಳನ್ನು ಸಾರಕ್ಕಿ ಕೆರೆ ಏರಿಯವರೆಗೆ ಬಿಟ್ಟುಬರುವುದು ಅವನ ರೂಢಿಯಾಯಿತು. ಏರಿ ಬಂದರೂ ಮಾತು ಮುಗಿಯುತ್ತಿರಲಿಲ್ಲ. ಅವಳಿಗೆ ಅವನ ಮೇಲೆ ಜೀವವೇ ಇತ್ತು. ಅವನು ಒಂದು ಮಾತು ಕೇಳಿದ್ದರೆ ಉಟ್ಟ ಸೀರೆಯಲ್ಲೇ ಹೊರಡುತ್ತಿದ್ದಳು. ಆದರೆ ರಾಜಮನೆತನದವನನ್ನು ತಾನೇ ಕೇಳುವ ಧೈರ್ಯ ರಾಗಿ ಬೆಳೆಯುವ ವೆಂಕಟಸ್ವಾಮಿಯ ಮಗಳಿಗೆ ಎಲ್ಲಿಂದ ಬರಬೇಕು?

ಎರಡು ವರ್ಷದ ಮೇಲೆ ಅಣ್ಣನ ಕಾಗದ ಬಂತು. ಕೋಪ ಇಳಿದಿದೆ, ಹಿಂದಿರುಗು ಎಂದು. ಉದಯವಿಕ್ರಮ ಅದನ್ನು ಹಿಡಿದು ಜಗುಲಿಯಲ್ಲಿ ನಿಂತ.

“ಸರಸ್ವತಿಯವರೇ, ಶುಕ್ರವಾರ ನಾವು ಊರಿಗೆ ಹೋಗುತ್ತೇವೆ.”

ಅವಳು ಸಾವರಿಸಿಕೊಂಡು, “ಒಳ್ಳೇದಾಯ್ತು. ಹೋಗ್ಬನ್ನಿ,” ಅಂದಳು.

ಅವನ ಮುಖ ಯಾಕೆ ಬಾಡಿತೋ ಅವಳಿಗೆ ತಿಳಿಯಲಿಲ್ಲ. ಶುಕ್ರವಾರ ಸ್ಟೇಷನ್ನಿಗೂ ಹೋಗಲಿಲ್ಲ. ಕೆರೆ ಏರಿಯ ಮೇಲೆ ಕೂತು ಕಣ್ಣು ಬತ್ತುವಷ್ಟು ಅತ್ತಳು.

ಆಮೇಲೆ ಸ್ಕೂಲು ಕೆಲಸ ಸಿಕ್ಕಿತು, ಅಪ್ಪ ತೀರಿಕೊಂಡ, ಬಂದ ಗಂಡುಗಳನ್ನೆಲ್ಲ ಅವಳು ವಾಪಸು ಕಳಿಸಿದಳು. ಏರಿಯ ಆಚೆಗೂ ಸೈಟುಗಳಾದವು. ಎಂಬತ್ತಾರರಲ್ಲಿ ಮಾಯಾಳಿಂದ ಪತ್ರ ಬಂತು, ಸರಸ್ವತಿ ಕಲಿಸಿದ ಅದೇ ದುಂಡು ಅಕ್ಷರಗಳಲ್ಲಿ.

‘ಮೇಡಂ, ಮಾಮನ ಪೆಟ್ಟಿಗೆಯಲ್ಲಿ ಇದು ಸಿಕ್ಕಿತು. ಅವತ್ತು ಮೂರು ಟಿಕೆಟ್ ತೆಗೆಸಿದ್ದರಂತೆ. ಮೇಡಂ ಹೋಗ್ಬನ್ನಿ ಅಂದುಬಿಟ್ಟರು, ನಮ್ಮ ವಾಕ್ಯದಲ್ಲಿ ಏನು ತಪ್ಪಿತ್ತು ಅಂತ ಇವತ್ತಿಗೂ ಕೇಳುತ್ತಾರೆ.’

ಪತ್ರದ ಜೊತೆ ಬಳಸದ ರಟ್ಟಿನ ರೈಲು ಟಿಕೆಟ್ಟೊಂದಿತ್ತು. ಸರಸ್ವತಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಎರಡು ವರ್ಷ ಗೋಳು ಹೊಯ್ದುಕೊಂಡವನು ಅವತ್ತೊಂದು ದಿನ ‘ನಾವು’ ಪಾಠವನ್ನು ಸರಿಯಾಗಿ ಒಪ್ಪಿಸಿದ್ದ. ಕೇಳಿಸಿಕೊಳ್ಳದೆ ಹೋದದ್ದು ಮೇಷ್ಟರಮ್ಮ! ತನ್ನ ಮೇಲೆ ತನಗೇ ಸಿಟ್ಟು ಬಂತು.

ಅಂದೇ ಕಾರ್ಡು ಬರೆದಳು: ‘ವಾಕ್ಯದಲ್ಲಿ ತಪ್ಪಿರಲಿಲ್ಲ. ತಪ್ಪು ನನ್ನದು. ಬನ್ನಿ.’

ಹಾಕಿದ ಮೇಲೆ ದಿನವೂ ಪೋಸ್ಟಿನವನ ದಾರಿ ಕಾದಳು. ಒಂದು ತಿಂಗಳು ಕಳೆದರೂ ಉತ್ತರವಿಲ್ಲ. ಒಂದು ಭಾನುವಾರ ಬೆಳಿಗ್ಗೆ ಗೇಟು ಸದ್ದಾಯಿತು.

“ಯಾರು?” ಎಂದಳು ಅಡುಗೆಮನೆಯಿಂದಲೇ.

ಗಂಟಲು ಸರಿಮಾಡಿಕೊಂಡು ಒಂದು ದನಿ ಹೇಳಿತು:

“ನಾನು.”

ಅವಳು ಓಡಿಬಂದಳು. ಅವನ ಕೂದಲು ಪೂರ್ತಿ ನರೆತಿತ್ತು, ಟ್ರಂಕು ಮಾತ್ರ ಹಳೆಯದೇ. ಅಷ್ಟರಲ್ಲಿ ಈಗ ಸಾರಕ್ಕಿಗೂ ಬುಟ್ಟಿ ಹೊತ್ತು ತರುತ್ತಿದ್ದ ಅಂಕಮ್ಮ ಬಂದು ಬೆರಗಾಗಿ ನಿಂತಳು. ಆಮೇಲೆ ಬೇಕೆಂದೇ ಕೇಳಿದಳು:

“ಗೌರ್ನರಮ್ಮ, ಸೊಪ್ಪು ಯಾರಿಗೆ?”

“ನಮಗೆ,” ಅಂದಳು ಸರಸ್ವತಿ.

“ಎಷ್ಟು ಜನಕ್ಕೆ?”

“ಇಬ್ಬರಿಗೆ, ಅಂಕಮ್ಮ.”