ಹತ್ತಿಯ ಅಟ್ಟ

ಬೆಂಚು ಬಾಗಿಲಿಗೆ ಅಡ್ಡವಾಗಿ ಸಿಕ್ಕಿಕೊಂಡಿತ್ತು. ಒಳಗಿನಿಂದ ಮಗಳು ತಳ್ಳುತ್ತಿದ್ದಳು, ಹೊರಗಿನಿಂದ ಬೀದಿ ಕೊನೆಯ ವೆಲ್ಡರ್ ಎಳೆಯುತ್ತಿದ್ದ. ಅದೇ ಕೋಣೆಯಲ್ಲಿ ಗೋಡೆಯ ಪಕ್ಕ ತೀರಿಕೊಂಡ ಅವಳ ತಾಯಿಯನ್ನು ಮಲಗಿಸಿದ್ದರು. ಬೆಂಚಿನ ತುದಿ ಆ ಕಡೆ ತಾಗದ ಹಾಗೆ ಓರೆ ಮಾಡಬೇಕಿತ್ತು.

"ಕಾಲು ಸ್ವಲ್ಪ ಮೇಲೆತ್ತಿ ಅಕ್ಕಾ," ಎಂದ ವೆಲ್ಡರ್. ಆಮೇಲೆ ಸಣ್ಣ ದನಿಯಲ್ಲಿ, "ಬೆಂಚಿಂದು," ಎಂದು ಸೇರಿಸಿದ.

ಬೆಂಚು ಹೊರಬಂತು. ನಾಲ್ಕು ಜನ ಕೂತರು, ಉಳಿದವರು ಅಂಗಳದಲ್ಲಿ ನಿಂತೇ ಇದ್ದರು. ಇಷ್ಟು ಜನ ಬರುತ್ತಾರೆಂದು ಮಗಳು ಎಣಿಸಿರಲಿಲ್ಲ. ಆ ಬೀದಿಯಲ್ಲಿ ಅವಳ ತಾಯಿ ಹೊಲಿದ ಹಾಸಿಗೆಯ ಮೇಲೆ ಮಲಗದವರು ಇರಲಿಲ್ಲ. ಆದರೆ ಹಾಸಿಗೆ ಒಯ್ಯಲು ಬಂದವರು ಯಾರೂ ಹೊಸ್ತಿಲು ದಾಟುತ್ತಿರಲಿಲ್ಲ. ಬೀದಿಯಲ್ಲೇ ನಿಂತು "ಹಾಸಿಗೆಯಮ್ಮಾ" ಎಂದು ಕೂಗುತ್ತಿದ್ದರು. ಅವಳೇ ಸುರುಳಿ ಸುತ್ತಿ ಹೆಗಲ ಮೇಲೆ ಹೊತ್ತು ತಂದು ಕೊಡುತ್ತಿದ್ದಳು. ಇವತ್ತು ಅವರೆಲ್ಲ ಮೊದಲ ಸಲ ಅಂಗಳದೊಳಗೆ ಬಂದಿದ್ದರು, ಆಗಾಗ ಮಾಡಿನ ಕಡೆ ಕಣ್ಣು ಹಾಯಿಸುತ್ತಿದ್ದರು.

"ಇನ್ನೊಂದು ಬೆಂಚು ಇಲ್ವೇನಮ್ಮ?" ಪಕ್ಕದ ಮನೆಯಾಕೆ ಕೇಳಿದಳು.

"ಅಟ್ಟದ ಮೇಲಿದೆ ಅಂತ ಅಮ್ಮ ಹೇಳ್ತಿದ್ರು."

ಅಂಗಳದ ಮಾತು ನಿಂತಿತು.

"ಅಟ್ಟದ್ದು ಅಟ್ಟದಲ್ಲೇ ಇರ್ಲಿ ಬಿಡಿ," ಎಂದ ವೆಲ್ಡರ್. "ನಮಗೆ ನಿಂತು ಅಭ್ಯಾಸ ಇದೆ."

"ಹೋದ ವರ್ಷದವರೆಗೂ ಕೇಳಿಸ್ತಿತ್ತು," ಎಂದಳು ಪಕ್ಕದ ಮನೆಯಾಕೆ. "ನಮ್ಮದೂ ನಿಮ್ಮದೂ ಒಂದೇ ಗೋಡೆ ನೋಡು. ಮಧ್ಯಾಹ್ನ ಉಂಡು ಕಣ್ಣು ಮುಚ್ಚೋದೇ ತಡ, ಮೇಲೆ ದಡ್ ದಡ್ ಅಂತ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ. ಮದುವೆಯಾಗಿ ಬಂದ ಹೊಸದರಲ್ಲಿ ತವರಿಗೆ ಓಡಿಹೋಗ್ತೀನಿ ಅಂತಿದ್ದೆ. ಆಮೇಲೆ ನಮ್ಮೆಜಮಾನರ ಗೊರಕೆಗೆ ಒಗ್ಗಿದ ಹಾಗೆ ಅದಕ್ಕೂ ಒಗ್ಗಿಹೋದೆ. ಈ ವರ್ಷ ಅದೂ ನಿಂತೋಯ್ತು."

"ಅದಕ್ಕೂ ವಯಸ್ಸಾಗಿರ್ಬೇಕು," ಎಂದರು ಯಾರೋ.

ಬೆಂಚಿನ ತುದಿಯಲ್ಲಿ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಮುದುಕಿ ತಲೆ ಎತ್ತಿದಳು. ಅವಳು ಸತ್ತವಳ ಗಂಡನ ತಂಗಿ, ಮಗಳಿಗೆ ಸೋದರತ್ತೆ. ಬೆಳಗಿನ ಬಸ್ಸಿಗೆ ಬಂದವಳು ಅತ್ತಿಗೆಯ ಮುಖವನ್ನು ಬಹಳ ಹೊತ್ತು ನೋಡಿ ಹೊರಗೆ ಬಂದು ಕೂತಿದ್ದಳು. ಅತ್ತಿರಲಿಲ್ಲ.

"ನಾನೇ ಹೋಗಿ ತರ್ತೀನಿ," ಎಂದಳು ಮಗಳು.

"ಒಬ್ಳೇ ಹೋಗ್ಬೇಡ ಕಣಮ್ಮ."

"ಅಲ್ಲಿ ಏನೂ ಇಲ್ಲ ಅಕ್ಕ."

ಅದು ಅವಳಿಗೆ ಗೊತ್ತಿತ್ತು. ಮೂರನೇ ತರಗತಿಯಲ್ಲಿದ್ದಾಗಿನಿಂದ ಗೊತ್ತಿತ್ತು. ಯಾರಿಗೂ ಹೇಳಿರಲಿಲ್ಲ, ಅಷ್ಟೆ.

*

ಆಗ ಒಂದು ದಿನ ಶಾಲೆಯ ಗೆಳತಿಯೊಬ್ಬಳು ಆಟಕ್ಕೆ ಬಂದಿದ್ದಳು. ಆ ಮನೆಗೆ ಬಂದ ಮೊದಲ ಗೆಳತಿ ಅವಳು. ಇಬ್ಬರೂ ಹೊಲಿದಿಟ್ಟ ದಿಂಬುಗಳನ್ನು ಪೇರಿಸಿ ಬೆಟ್ಟ ಮಾಡಿ ಜಾರುತ್ತಿದ್ದರು, ಕಿರುಚಿ ನಗುತ್ತಿದ್ದರು. ಆಗ ತಲೆಯ ಮೇಲೆ ಹೆಜ್ಜೆಯ ಸದ್ದು ಶುರುವಾಯಿತು. ಗೆಳತಿ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಮಾರನೆಯ ದಿನ ಅವಳ ತಂದೆ ಬಂದು ಬೀದಿಯಲ್ಲಿ ನಿಂತು ಆ ಚಪ್ಪಲಿ ಕೇಳಿ ಇಸಿದುಕೊಂಡು ಹೋದರು. ಮತ್ತೆ ಯಾವ ಮಗುವೂ ಆ ಮನೆಗೆ ಬರಲಿಲ್ಲ.

ಸದ್ದು ನಿಂತ ಸ್ವಲ್ಪ ಹೊತ್ತಿಗೆ ಅಮ್ಮ ಅಡುಗೆಮನೆಯಿಂದ ಬಂದಳು. "ಹೆದರಿದ್ಯಾ?" ಎಂದು ಕೇಳಿ ಪಕ್ಕದಲ್ಲಿ ಕೂತಳು. ಅವಳ ಕಿವಿಯ ಹಿಂದೆ ಕೂದಲಿಗೆ ಜೇಡರ ಬಲೆಯ ಎಳೆಯೊಂದು ಅಂಟಿತ್ತು. ಅಮ್ಮ ದಿನಕ್ಕೆರಡು ಸಲ ಗುಡಿಸುವ ಕೆಳಮನೆಯಲ್ಲಿ ಜೇಡ ಎಲ್ಲಿಯದು? ಹುಡುಗಿ ಕೈಚಾಚಿ ಆ ಎಳೆಯನ್ನು ತೆಗೆದಳು. ಅಮ್ಮ ಅವಳ ಮಣಿಕಟ್ಟನ್ನು ಒಂದು ಕ್ಷಣ ಹಿಡಿದುಕೊಂಡಳು, ಆಮೇಲೆ ಬಿಟ್ಟಳು.

ಅಂದು ರಾತ್ರಿ ಹುಡುಗಿ ತನಗೆ ತಾನೇ ಒಂದು ಉತ್ತರ ಕಂಡುಕೊಂಡಳು. ತನ್ನ ಗಲಾಟೆ ತಾಳಲಾರದೆ ಅಮ್ಮ ಮೇಲೆ ಹೋಗುತ್ತಾಳೆ. ತನ್ನಿಂದ ದೂರ ಇರಬೇಕೆಂದು ಹೋಗುತ್ತಾಳೆ. ಮರುದಿನದಿಂದ ಅವಳು ಮೆಲ್ಲಗೆ ನಡೆದಳು, ಮೆಲ್ಲಗೆ ಉಂಡಳು, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಳು. ಆದರೂ ಮಧ್ಯಾಹ್ನವಾದರೆ ಹೆಜ್ಜೆಯ ಸದ್ದು ಕೇಳಿಸುತ್ತಲೇ ಇತ್ತು. ದೊಡ್ಡವಳಾದ ಮೇಲೆ ಬೇರೆ ಊರಿನ ಕನ್ನಡಕದಂಗಡಿಯಲ್ಲಿ ಗಾಜು ಅರೆಯುವ ಕೆಲಸ ಸಿಕ್ಕಿತು. ಅವಳು ಹೊರಟಾಗ ಅಮ್ಮನೂ ತಡೆಯಲಿಲ್ಲ.

*

ಅಡುಗೆಮನೆಯ ಹಿಂದಿನ ಮರದ ಮೆಟ್ಟಿಲು ಏಣಿಯಷ್ಟೇ ಕಡಿದಾಗಿತ್ತು. ಮೇಲಿನ ಬಾಗಿಲ ಚಿಲಕ ತುಕ್ಕು ಹಿಡಿದಿರುತ್ತದೆ ಎಂದುಕೊಂಡು ಮಗಳು ಜೋರಾಗಿ ಎಳೆದಳು. ಅದು ಬೆಣ್ಣೆಯ ಹಾಗೆ ಜಾರಿತು.

ಅಟ್ಟದಲ್ಲಿ ತಲೆ ಬಗ್ಗಿಸಿ ನಿಲ್ಲಬೇಕಿತ್ತು. ಪಕ್ಕದ ಮನೆಯ ಗೋಡೆಗೆ ಒತ್ತಿ ಹಳೆಯ ಹತ್ತಿಯ ಮೂಟೆಗಳು, ಅಪ್ಪ ಹತ್ತಿ ಹಿಂಜುತ್ತಿದ್ದ ಬಿಲ್ಲು, ಸಣ್ಣ ಕಿಟಕಿಯ ಕೆಳಗೆ ಬೆಂಚು. ಎಲ್ಲದರ ಮೇಲೂ ಬೆರಳು ಹೂತುಹೋಗುವಷ್ಟು ಧೂಳು. ನೆಲದ ಮೇಲೂ ಅಷ್ಟೇ ಧೂಳಿತ್ತು, ಆದರೆ ಕಿಟಕಿಯಿಂದ ಎದುರು ಗೋಡೆಯವರೆಗೆ ಒಂದು ಪಟ್ಟಿಯಲ್ಲಿ ಅದು ತೆಳುವಾಗಿತ್ತು. ಅದರ ಅಡಿಯ ಹಲಗೆ ನುಣುಪಾಗಿ ಸವೆದು ಹೊಳೆಯುತ್ತಿತ್ತು. ಎರಡೂ ತುದಿಯಲ್ಲಿ, ನಡೆದವರು ತಿರುಗುವ ಜಾಗದಲ್ಲಿ, ಮರ ಬಟ್ಟಲಿನಂತೆ ತಗ್ಗಾಗಿತ್ತು.

ಮಗಳು ಆ ತಗ್ಗಿನಲ್ಲಿ ಪಾದವಿಟ್ಟಳು. ಹಿಂದೆ ಏದುಸಿರಿನ ಸದ್ದಾಯಿತು. ಅತ್ತೆ ಮೆಟ್ಟಿಲು ಹತ್ತಿ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಅತ್ತೆ, ನೀವ್ಯಾಕೆ ಹತ್ತಿದ್ರಿ?"

"ಸಿಟ್ಟಿದ್ರೆ ಯಾವ ವಯಸ್ಸಲ್ಲೂ ಹತ್ಬೋದು," ಎನ್ನುತ್ತ ಅತ್ತೆ ಬಂದು ಬೆಂಚಿನ ಧೂಳಿನ ಮೇಲೇ ಕೂತಳು.

"ಯಾರ ಮೇಲೆ ಸಿಟ್ಟು?"

"ಕೆಳಗೆ ಮಲಗಿದ್ದಾಳಲ್ಲ, ಅವಳ ಮೇಲೆ."

ಮಗಳು ಸವೆದ ಹಲಗೆಯನ್ನು ನೋಡಿದಳು. "ಇಲ್ಲಿ ನಡೀತಿದ್ದದ್ದು ಅಮ್ಮ ಅಂತ ನಂಗೆ ಗೊತ್ತು," ಎಂದಳು. "ಚಿಕ್ಕವಳಿದ್ದಾಗಲೇ ಗೊತ್ತಾಗಿತ್ತು."

ಅತ್ತೆ ಕೈಚೀಲವನ್ನು ಕೆಳಗಿಟ್ಟಳು.

"ಮೊದಲು ನಡೆದವಳು ಅವಳಲ್ಲ ಕಣೇ," ಎಂದಳು. "ನಾನು."

*

ಆಗ ಅವಳಿಗೆ ಹದಿನೆಂಟು. ತಂದೆತಾಯಿ ಇಲ್ಲದ ಹುಡುಗಿ, ಅಣ್ಣ ಅತ್ತಿಗೆಯ ಜೊತೆ ಹತ್ತಿಯ ಕೆಲಸ ಮಾಡಿಕೊಂಡಿದ್ದಳು. ಹತ್ತಿ ತರುತ್ತಿದ್ದ ಲಾರಿಯ ಡ್ರೈವರ್ ಮುಂದಿನ ಲೋಡಿಗೆ ಬಂದು ಮದುವೆಯ ಮಾತಾಡುತ್ತೇನೆ ಅಂದಿದ್ದ. ಮುಂದಿನ ಲೋಡು ಬಂತು, ಲಾರಿಯೂ ಅದೇ, ಓಡಿಸುವವನು ಬೇರೆ.

ಮೊದಲು ಕಂಡುಹಿಡಿದವಳು ಅತ್ತಿಗೆ. ಮೂಟೆಯನ್ನು ಒಂದೇ ಕೈಯಲ್ಲಿ ಎತ್ತುತ್ತಿದ್ದ ಹುಡುಗಿ ಎತ್ತಿ, ನಿಂತು, ಕೆಳಗಿಟ್ಟದ್ದನ್ನು ನೋಡಿದಳು. ಅಣ್ಣ ಬಿಲ್ಲು ಹಿಡಿದು ಎರಡು ದಿನ ಹತ್ತಿ ಹಿಂಜುತ್ತಲೇ ಇದ್ದ. ತೀರ್ಮಾನ ಮಾಡಿದವಳು ಅತ್ತಿಗೆಯೇ. ಮದುವೆಯಾಗಿ ವರ್ಷಗಳಾದರೂ ಅವಳ ಮಡಿಲು ತುಂಬಿರಲಿಲ್ಲ. ಆ ಬಗ್ಗೆ ಬೀದಿಯ ಬಾಯಿಗೆ ಬಿಡುವಿರಲಿಲ್ಲ.

ಎಲ್ಲರೂ ನೋಡುವಂತೆ ಹುಡುಗಿಯನ್ನು ಪೆಟ್ಟಿಗೆ ಸಮೇತ ಬಸ್ಸು ಹತ್ತಿಸಿದರು. ಕಂಬಳಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ ಎಂದು ಹೇಳಿದರು. ಮುಂದಿನ ನಿಲ್ದಾಣದಲ್ಲಿ ಅವಳು ಇಳಿದಳು. ಸಂಜೆ ಅಣ್ಣ ತಳ್ಳುಗಾಡಿಯಲ್ಲಿ ಹತ್ತಿಯ ಅಡಿಯಲ್ಲಿ ಮಲಗಿಸಿಕೊಂಡು ಬೀದಿಯ ನಟ್ಟನಡುವೆಯೇ ತಂದು ಅಟ್ಟ ಹತ್ತಿಸಿದ.

ಹರೆಯದ ಹುಡುಗಿ, ಕೂತಲ್ಲಿ ಕೂರಲಾರಳು. ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಕಿಟಕಿಗೆ ನಡೆದಳು. ಗೋಡೆಗೆ ಕಿವಿ ಇತ್ತು. "ನಿಮ್ಮ ಅಟ್ಟದಲ್ಲಿ ಯಾರೇ ನಡೆಯೋದು?" ಎಂದು ಪಕ್ಕದ ಮನೆಯ ಮುದುಕಿ, ಈಗಿನಾಕೆಯ ಅತ್ತೆ, ಕೇಳಿದಳು. ಹಾಸಿಗೆ ಹೊಲಿಯುತ್ತಿದ್ದ ಅತ್ತಿಗೆ ಸೂಜಿಯಿಂದ ಕಣ್ಣೆತ್ತಲಿಲ್ಲ. "ಈ ಮನೆ ಕಟ್ಟಿಸಿದವಳು. ಸತ್ತಿದ್ದಾಳೆ, ಹೋಗಿಲ್ಲ," ಎಂದಳು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಮರುದಿನದಿಂದ ಯಾರೂ ಹೊಸ್ತಿಲು ತುಳಿಯಲಿಲ್ಲ. ಅವಳಿಗೆ ಬೇಕಾದದ್ದೂ ಅದೇ.

ಅತ್ತಿಗೆ ತನಗೆ ಹೊಟ್ಟೆ ಹೊಲಿದುಕೊಂಡಳು. ತಿಂಗಳಿಗೊಂದು ದಿಂಬು, ಹಿಂದಿನದಕ್ಕಿಂತ ಚೂರು ದೊಡ್ಡದು. ಒಳಗೆ ಎಳೆ ಹತ್ತಿ, ಅಡಿಯಲ್ಲಿ ಮರಳು. ಬೆನ್ನು ನಿಜವಾಗಿ ಬಾಗಬೇಕಲ್ಲ. ಮಧ್ಯಾಹ್ನ ಅಟ್ಟಕ್ಕೆ ಬಂದು ದಿಂಬು ಬಿಚ್ಚಿ ಬೆವರುಸಾಲೆ ಎದ್ದ ಹೊಟ್ಟೆಗೆ ಗಾಳಿ ಹಾಕಿಕೊಳ್ಳುತ್ತಿದ್ದಳು. ನಾದಿನಿಯ ತಲೆ ಬಾಚುತ್ತಿದ್ದಳು. ಒಮ್ಮೆ ಇಬ್ಬರೂ ಹೊಟ್ಟೆಗೆ ಹೊಟ್ಟೆ ಅಳತೆ ಹಿಡಿದು ನೋಡಿ, ಬಾಯಿಗೆ ಸೆರಗು ತುರುಕಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತವರಿನಿಂದ ಬಂದ ಮೇಲೆ ತಾನು ಹೀಗೆ ನಕ್ಕಿದ್ದು ಇದೇ ಮೊದಲು ಎಂದಳು ಅತ್ತಿಗೆ.

ಹೆರಿಗೆಯ ದಿನ ಹತ್ತಿಯ ಮೂಟೆಗಳನ್ನೆಲ್ಲ ಪಕ್ಕದ ಮನೆಯ ಗೋಡೆಗೆ ಪೇರಿಸಿದರು. ದೂರದ ಊರಿನಿಂದ ಕರೆಸಿದ ಸೂಲಗಿತ್ತಿ ಹುಡುಗಿಯ ಬಾಯಿಗೆ ಬಟ್ಟೆ ಕಚ್ಚಿಸಿದಳು. ಕೆಳಗಿನ ಕೋಣೆಯಲ್ಲಿ ಅತ್ತಿಗೆ ನೆಲದ ಮೇಲೆ ಮಲಗಿ ಬೀದಿಗೆ ಕೇಳುವಂತೆ ಕೂಗಿದಳು. ಹೆತ್ತವಳು ಸದ್ದಿಲ್ಲದೆ ಹೆತ್ತಳು. ಹೆರದವಳ ಗಂಟಲು ಬಿದ್ದುಹೋಗಿ ವಾರದವರೆಗೆ ಮಾತೇ ಹೊರಡಲಿಲ್ಲ.

*

"ಮೈ ಸ್ವಲ್ಪ ಗಟ್ಟಿಯಾದ ಮೇಲೆ ನಾನು ನಿಜವಾಗಿ ಹೋದೆ," ಎಂದಳು ಅತ್ತೆ. "ಮೇಲೆ ಸದ್ದು ನಿಂತಿತು. 'ಮಗು ಹುಟ್ಟಿದ್ದೇ ತಡ, ನಿಮ್ಮ ಭೂತ ಜಾಗ ಖಾಲಿ ಮಾಡ್ತಾ?' ಅಂತ ಆ ಮುದುಕಿ ಕೇಳಿದ್ಲಂತೆ. ಮಾತಿಗೆ ಕೇಳಿದ್ದೋ, ಲೆಕ್ಕ ಹಾಕಿ ಕೇಳಿದ್ದೋ. ಅವತ್ತೇ ಅತ್ತಿಗೆ ನಿನ್ನ ಮಲಗಿಸಿ ಬಂದು ನಡೆದ್ಲು."

ಮಗಳು ಒಂದು ಮೂಟೆಯ ಮೇಲೆ ಕೂತಳು. ಕೆಳಗೆ ಯಾರೋ ಕೆಮ್ಮಿದರು. ಲೋಟಗಳ ಸದ್ದು ಕೇಳಿಸಿತು.

"ಆಮೇಲಾದ್ರೂ ನಿಲ್ಲಿಸ್ಬೋದಿತ್ತು."

"ನಾನೂ ಅದೇ ಅಂದೆ. 'ಇವಳ ಮದುವೆ ಆಗ್ಲಿ, ಯಾರೂ ಬೆರಳು ತೋರಿಸ್ಬಾರ್ದು' ಅಂದ್ಲು. ನಿನ್ನ ಮದುವೆ ಆಯ್ತು, ನಿನಗೆ ಮಕ್ಕಳಾದ್ವು, ಅಣ್ಣನೂ ಹೋದ. ಮತ್ತೆ ಕೇಳಿದೆ. 'ಮೇಲೆ ಹೋದ್ರೆ ಯಾರೋ ಇದ್ದ ಹಾಗಿರುತ್ತೆ, ಕೆಳಗೆ ಯಾರೂ ಇಲ್ಲ' ಅಂದ್ಲು."

"ಚಿಕ್ಕಂದಿನಲ್ಲಿ ಕೆಳಗೆ ನಾನಿದ್ನಲ್ಲ," ಎಂದಳು ಮಗಳು. ದನಿ ಚಿಕ್ಕ ಹುಡುಗಿಯದಾಗಿತ್ತು. "ನನ್ನ ಗಲಾಟೆಗೆ ಬೇಸತ್ತು ಮೇಲೆ ಹೋಗ್ತಾಳೆ ಅಂದ್ಕೊಂಡು ಸದ್ದಿಲ್ಲದೆ ಇರೋದು ಕಲಿತೆ. ಉಸಿರೂ ಜೋರಾಗಿ ಬಿಡ್ತಿರ್ಲಿಲ್ಲ."

ಅತ್ತೆ ಅವಳನ್ನೇ ದಿಟ್ಟಿಸಿದಳು.

"ಅಯ್ಯೋ ಹುಚ್ಚಿ," ಎಂದಳು. "ಅವಳು ನನ್ನ ಹತ್ರ ಅಳ್ತಿದ್ಲು. 'ಮಗು ನನ್ನ ಹತ್ರ ಮಾತೇ ಆಡಲ್ಲ, ಮೈಗೆ ಅಂಟಿಕೊಳ್ಳಲ್ಲ, ರಕ್ತಕ್ಕೆ ಗೊತ್ತಾಗಿರ್ಬೇಕು, ನಾನು ಹೆತ್ತವಳಲ್ಲ ಅಂತ' ಅಂತಿದ್ಲು. ಅದಕ್ಕೇ ನನ್ನ ಕಂಡ್ರೆ ನಿಮ್ಮಮ್ಮಂಗೆ ಭಯ. ವರ್ಷಕ್ಕೊಂದು ಸಲ ಬಂದ್ರೂ ನಿನ್ನನ್ನ ನನ್ನ ಹತ್ರ ಒಬ್ಳೇ ಬಿಡ್ತಿರ್ಲಿಲ್ಲ. ಒಂದು ಸಲ ನಿನ್ನ ಜಡೆ ಹೆಣೀತೀನಿ ಅಂತ ಬಾಚಣಿಗೆ ಎತ್ಕೊಂಡೆ. ಕೈಯಿಂದ ಕಿತ್ಕೊಂಡ್ಲು. ನನ್ನ ತಲೆ ಬಾಚಿದ ಕೈಯಲ್ಲೇ."

"ಇಷ್ಟು ವರ್ಷ ಸುಮ್ನಿದ್ದು ಇವತ್ತು ಯಾಕೆ ಹೇಳಿದ್ರಿ?"

"ಅವಳು ಇರೋವರೆಗೂ ಬಾಯಿ ಬಿಡಲ್ಲ ಅಂತ ಮಾತು ಕೊಟ್ಟಿದ್ದೆ. ಮಣ್ಣಾದ ಮೇಲೆ ಹೇಳ್ಬೇಕು ಅಂತ್ಲೇ ಬಸ್ಸು ಹತ್ತಿದ್ದು. ಇಲ್ಲಿ ಬಂದು ಅವಳ ಮುಖ ನೋಡಿದ್ಮೇಲೆ ಹಾಗೆ ಮಾಡಕ್ಕಾಗ್ಲಿಲ್ಲ. ಮಣ್ಣಾದ ಮೇಲೆ ಗೊತ್ತಾದ್ರೆ ನೀನು ಯಾರ ಮುಖ ನೋಡ್ತೀಯ?"

ಮಗಳು ಎದ್ದಳು. ಕಿಟಕಿಯ ಬಳಿಯಿಂದ ಎದುರು ಗೋಡೆಯವರೆಗೆ ಆ ಸವೆದ ಪಟ್ಟಿಯ ಮೇಲೆ ನಡೆದಳು, ತಿರುಗಿದಳು, ಮತ್ತೆ ಬಂದಳು. ಕೆಳಗೆ ಅಂಗಳದಲ್ಲಿ ಮಾತು ಥಟ್ಟನೆ ನಿಂತದ್ದು ಇಬ್ಬರಿಗೂ ಕೇಳಿಸಿತು. ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದಳು. ನಗುವೋ ಅಳುವೋ ಮಗಳಿಗೆ ತಿಳಿಯಲಿಲ್ಲ. ಅತ್ತೆಯ ಭುಜ ಅಲುಗುತ್ತಿತ್ತು. ಮಗಳು ಹೋಗಿ ಆ ಭುಜದ ಮೇಲೆ ಕೈ ಇಟ್ಟು ನಿಂತಳು.

ಬೀದಿಯಲ್ಲಿ ಹಾರ್ನ್ ಕೇಳಿಸಿತು.

"ಅಕ್ಕಾ, ಗಾಡಿ ಬಂತು," ಎಂದು ವೆಲ್ಡರ್ ಮೆಟ್ಟಿಲ ಬುಡದಿಂದ ಕೂಗಿದ.

ಬೆಂಚನ್ನು ಅಲ್ಲೇ ಬಿಟ್ಟರು. ಮಗಳು ಮೊದಲು ಇಳಿಯತೊಡಗಿದಳು. ಕೆಳಗೆ ಪಕ್ಕದ ಮನೆಯಾಕೆ ಕತ್ತೆತ್ತಿ ನಿಂತಿದ್ದಳು, ಅವಳ ಹಿಂದೆ ಇನ್ನಷ್ಟು ಮುಖಗಳು.

"ಏನಿತ್ತಮ್ಮ ಮೇಲೆ?"

"ಹತ್ತಿ ಇತ್ತು ಅಕ್ಕ," ಎಂದಳು ಮಗಳು. "ಅಮ್ಮನ ಹತ್ತಿ."

ಅತ್ತೆ ಮೊದಲ ಮೆಟ್ಟಿಲಲ್ಲೇ ತಡೆದು ನಿಂತಳು. ಮಂಡಿ ಬಾಗುತ್ತಿರಲಿಲ್ಲ, ಕೆಳಗೆ ಎಲ್ಲಿ ಕಾಲಿಡಬೇಕೆಂದು ಕಾಣುತ್ತಿರಲಿಲ್ಲ. ಬೆನ್ನು ಕೆಳಗಿನವರ ಕಡೆ ಮಾಡಿ, ಎರಡೂ ಕೈಯಲ್ಲಿ ಚೌಕಟ್ಟನ್ನು ಬಿಗಿಹಿಡಿದು, ಒಂದು ಕಾಲನ್ನು ಗಾಳಿಯಲ್ಲಿ ತಡಕಾಡಿಸಿದಳು. ಮಗಳು ಇಳಿಯುವುದನ್ನು ನಿಲ್ಲಿಸಿ ಕೈ ಮೇಲೆತ್ತಿದಳು. ಬಿರುಕುಬಿಟ್ಟ ಆ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಮೆಟ್ಟಿಲ ಮೇಲೆ ಇಟ್ಟಳು. ಆಮೇಲೆ ಇನ್ನೊಂದು ಪಾದವನ್ನು ಹಿಡಿದುಕೊಂಡಳು. ಹೊರಗೆ ಗಾಡಿಯ ಎಂಜಿನ್ ಸದ್ದು ಮಾಡುತ್ತಲೇ ಇತ್ತು. ಬೀದಿಯವರೆಲ್ಲ ದಾರಿ ಬಿಟ್ಟು ನಿಂತರು, ಅವರಿಬ್ಬರೂ ಹಾಗೆಯೇ ಒಂದೊಂದೇ ಮೆಟ್ಟಿಲು ಇಳಿದು ಬಂದರು.