ತಪ್ಪಯ್ಯ

ಗೋದಾಮಿನ ಮ್ಯಾನೇಜರ್ ಚಾಚಿದ ಪೆನ್ನನ್ನು ಅವಳು ಹಿಡಿದುಕೊಂಡಾಗ, ಬೆರಳ ಸಂದಿಯಲ್ಲಿ ಗಂಡನ ಸಮಾಧಿಯ ಕೆಮ್ಮಣ್ಣು ಇನ್ನೂ ಇತ್ತು.

"ಇಲ್ಲೊಂದು ಸಹಿ ಹಾಕಮ್ಮ. ಇವತ್ತಿನ ಖರ್ಚೆಲ್ಲಾ ಕಂಪನೀದೇ."

"ಮೊದ್ಲು ಓದು ಮಗಳೇ," ಎಂದ ಗೋಡೆಗೊರಗಿ ಕೂತಿದ್ದ ಚಿಕ್ಕಪ್ಪ. ಕೋರ್ಟಿನಲ್ಲಿ ಗುಮಾಸ್ತನಾಗಿಯೇ ತಲೆ ನರೆತವನು ಅವನು.

ಅವಳು ಓದಿದಳು. ಮೃತನು ಸ್ವಂತ ತಪ್ಪಿನಿಂದ ಅಪಘಾತಕ್ಕೀಡಾಗಿದ್ದಾನೆ, ಕುಟುಂಬದವರಿಗೆ ಕಂಪನಿಯ ಮೇಲೆ ಯಾವ ಹಕ್ಕೂ ಇಲ್ಲ ಎಂದಿತ್ತು.

"ಸ್ವಂತ ತಪ್ಪು ಅಂತ ಯಾರು ಹೇಳಿದ್ದು?"

"ಅವನೇ ಹೇಳಿದ್ದಮ್ಮ. ಲಿಫ್ಟಿನ ಅಡಿಯಿಂದ ಎಳೆದು ಮಲಗಿಸಿದಾಗ ನನ್ನ ಮುಖ ನೋಡಿ 'ತಪ್ಪಾಯ್ತು ಸಾರ್' ಅಂದ. ಅದೇ ಕೊನೇ ಮಾತು. ಬೇಕಾದ್ರೆ ಇವನನ್ನ ಕೇಳಿ."

ಬಾಗಿಲ ಬಳಿ ನಿಂತಿದ್ದ ಜೊತೆ ಮೆಕ್ಯಾನಿಕ್ ನೆಲ ನೋಡುತ್ತ ತಲೆಯಾಡಿಸಿದ.

ಮೂಲೆಯಲ್ಲಿದ್ದ ಪಕ್ಕದ ಮನೆಯ ದರ್ಜಿಗೆ ತಡೆಯಲಾಗಲಿಲ್ಲ. "ನಮ್ಮ ತಪ್ಪಯ್ಯ ಇನ್ನೇನು ಹೇಳ್ತಾನೆ ಸ್ವಾಮಿ! ನನ್ನ ಅಂಗಡೀಲಿ ಕುರ್ಚಿ ಎಡವಿ, ಆ ಕುರ್ಚಿಗೇ ತಪ್ಪಾಯ್ತು ಅಂದವನು."

"ನಮ್ಮ ನಾಯಿ ಕಚ್ಚಿದಾಗ ನಾಯಿಗೂ ಅಂದಿದ್ದ," ಎಂದಳು ದರ್ಜಿಯ ಹೆಂಡತಿ.

ಅಳುತ್ತಿದ್ದವರೆಲ್ಲ ಒಮ್ಮೆ ನಕ್ಕರು. ಅವಳ ತುಟಿಯೂ ಅಲುಗಿತು. ಮ್ಯಾನೇಜರೂ ನಕ್ಕ.

"ನೋಡಿದ್ರಾ? ದೇವರಂಥ ಮನುಷ್ಯ. ತನ್ನ ತಪ್ಪು ತಾನೇ ಒಪ್ಕೊಳ್ಳೋನು."

ನಗು ಅಲ್ಲಿಗೇ ನಿಂತುಹೋಯಿತು.

*

ಹೋದ ವಾರ ಗಂಡ ಊಟಕ್ಕೆ ಕೂತು ಅನ್ನದಲ್ಲಿ ಗೆರೆ ಎಳೆಯುತ್ತಿದ್ದ.

"ಲಿಫ್ಟಿನ ಬ್ರೇಕು ಜಾರ್ತಿದೆ ಕಣೇ. ನಿಲ್ಲಿಸಿದ ಕಡೆ ನಿಲ್ತಿಲ್ಲ."

"ಮ್ಯಾನೇಜರಿಗೆ ಹೇಳಿದ್ರಾ?"

"ಹೇಳ್ದೆ. ಇರೋದ್ರಲ್ಲೇ ಹೇಗೋ ದೂಡು, ಬಟ್ಟೆ ಲೋಡು ಕಾಯ್ತಿದೆ ಅಂದ್ರು."

"ನೀವೇನಂದ್ರಿ?"

"ಇನ್ನೇನನ್ಲಿ? ತಪ್ಪಾಯ್ತು ಸಾರ್ ಅಂದೆ."

ಅವಳಿಗೆ ಮೈಯೆಲ್ಲಾ ಉರಿಯಿತು. "ಅವರ ಲಿಫ್ಟು ಕೆಟ್ರೆ ಅದು ನಿಮ್ಮ ತಪ್ಪು ಹೇಗ್ರೀ? ಈ ಹಾಳು ಮಾತೇ ಒಂದಿನ ನಿಮ್ಮ ಕುತ್ತಿಗೆಗೆ ಬರುತ್ತೆ, ನೋಡ್ತಿರಿ!"

"ತಪ್ಪಾಯ್ತು ಬಿಡೇ," ಎಂದು ಅವನು ನಕ್ಕ.

"ಅವನನ್ನ ಯಾಕೆ ಬೈತೀಯಮ್ಮ," ಎಂದರು ಒಳಗಿನಿಂದ ಅತ್ತೆ. "ಮಾತು ಬರೋಕೆ ಮೊದ್ಲೇ ನಾನು ಕಲಿಸಿದ್ದು ಅದು. ತಗ್ಗಿದವನ ತಲೆ ಬಾಗಿಲಿಗೆ ತಗಲಲ್ಲ. ಬಗ್ಗಿದವರನ್ನ ದೇವರು ಕಾಯ್ತಾನೆ."

ಅವನು ಬಗ್ಗಿಯೇ ಇದ್ದ. ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ಬಗ್ಗಿ ಜಿಡ್ಡು ತೆಗೆಯುತ್ತಿದ್ದಾಗಲೇ ಅದು ಜಾರಿ ಬಂದದ್ದು.

*

ಅವಳು ಪೆನ್ನಿಗೆ ಮುಚ್ಚಳ ಹಾಕಿದಳು. "ಸಹಿ ಹಾಕಿದ್ರೆ ಏನಾಗುತ್ತೆ ಚಿಕ್ಕಪ್ಪ?"

"ನಿನ್ನ ಕೈಯಾರೆ ನೀನೇ ಬಾಗಿಲು ಹಾಕ್ಕೊಂಡ ಹಾಗೆ. ಪರಿಹಾರ ಕೇಳೋ ಹಕ್ಕು ನಿನಗಿದೆ, ಮಕ್ಕಳಿಗಿದೆ, ಅವನ ದುಡಿಮೇಲಿ ಬದುಕ್ತಿದ್ದ ತಾಯಿಗೂ ಇದೆ. ಅದಕ್ಕೊಂದು ಗಡುವೂ ಇದೆ. ನಾವು ಅಳ್ತಾ ಕೂತ್ರೆ ಅದು ಕಾಯಲ್ಲ. ಆದ್ರೆ ಕಂಪನೀದು ಅಲಕ್ಷ್ಯ ಅಂತ ನಾವು ತೋರಿಸ್ಬೇಕು. ಪೊಲೀಸರ ವರದಿ ಬೇಕು, ಶವಪರೀಕ್ಷೆ ವರದಿ ಬೇಕು, ಕಣ್ಣಾರೆ ಕಂಡವರು ಬಾಯಿ ಬಿಡ್ಬೇಕು. ಎಲ್ಲಕ್ಕಿಂತ ಮೊದ್ಲು, ಆ ಲಿಫ್ಟು ಬಿದ್ದದ್ದು ಬಿದ್ದ ಹಾಗೇ ಇರ್ಬೇಕು. ಗುರುತು ಅನ್ನೋದನ್ನ ಯಾರೂ ಒರೆಸಬಾರ್ದು."

"ಅದನ್ನ ನಿನ್ನೇನೇ ರಿಪೇರಿ ಮಾಡಿಸಿದ್ವಲ್ಲ," ಎಂದ ಮ್ಯಾನೇಜರ್. "ಗೋದಾಮು ನಿಲ್ಲಿಸೋಕಾಗುತ್ತಾ?"

ಹೆಣ ಶವಾಗಾರದಲ್ಲಿ ಸರದಿ ಕಾಯುತ್ತಿದ್ದಾಗ ಲಿಫ್ಟು ಗುಣವಾಗಿತ್ತು.

"ಏನು ರಿಪೇರಿ ಮಾಡಿದ್ರಿ?" ಎಂದು ಅವಳು ಕೇಳಿದಳು.

"ಬ್ರೇಕು..." ಎಂದುಬಿಟ್ಟ ಜೊತೆ ಮೆಕ್ಯಾನಿಕ್. ಮ್ಯಾನೇಜರ್ ತಿರುಗಿ ನೋಡಿದ್ದೇ ತಡ, ಬಾಯಿ ಮುಚ್ಚಿಕೊಂಡ.

"ಈ ಮಾತನ್ನ ಕೋರ್ಟಲ್ಲಿ ಹೇಳ್ತೀಯೇನಪ್ಪ?" ಎಂದ ಚಿಕ್ಕಪ್ಪ.

"ನನಗೂ ಹೆಂಡ್ತಿ ಮಕ್ಳಿದಾರೆ ಯಜಮಾನ್ರೇ."

"ಅವರಿಗೂ ನಾವಿದ್ವಿ," ಎಂದಳು ಅವಳು.

ಅವಳು ಸಹಿಯಿಲ್ಲದ ಕಾಗದವನ್ನು ಪೆನ್ನಿನ ಸಮೇತ ಮ್ಯಾನೇಜರಿನ ಮುಂದಿಟ್ಟಳು.

"ನಿಮ್ಮಿಷ್ಟ. ಆಮೇಲೆ ನಮ್ಮ ಬಾಗಿಲಿಗೆ ಬರ್ಬೇಡಿ," ಎಂದು ಅವನು ಎದ್ದ. ಹೊಸ್ತಿಲಾಚೆ ಬಿಟ್ಟಿದ್ದ ಬೂಟಿನೊಳಗೆ ಕಾಲು ತುರುಕಿದ. ಸಮಾಧಿಯ ಹಸಿ ಮಣ್ಣು ಅದಕ್ಕೂ ಮೆತ್ತಿತ್ತು. ಫೋನು ನೋಡುತ್ತ ಮೆಟ್ಟಿಲಿಳಿದವನು, ಅಲ್ಲಿ ಕಾಲು ಚಾಚಿ ಕೂತಿದ್ದ ಅತ್ತೆಯ ಪಾದವನ್ನು ಪೂರಾ ತುಳಿದುಬಿಟ್ಟ.

ಮುದುಕಿ ಚುಳ್ಳೆಂದ ಕಾಲನ್ನೆಳೆದುಕೊಂಡು ಮುಖವೆತ್ತಿದರು.

"ತಪ್ಪಾಯ್ತಪ್ಪ."

"ಪರವಾಗಿಲ್ಲ ಬಿಡಿ," ಎಂದು ಮ್ಯಾನೇಜರ್ ಕಾರಿನತ್ತ ನಡೆದ.

ಅತ್ತೆ ಪಾದ ಒರೆಸಲು ಸೆರಗು ತೆಗೆದರು. ಅವಳು ಓಡಿಬಂದು ಆ ಕೈ ಹಿಡಿದಳು.

"ಒರೆಸ್ಬೇಡಿ ಅತ್ತೆ."

ಮ್ಯಾನೇಜರಿನ ಹಿಂದೆ ಹೊರಟಿದ್ದ ಜೊತೆ ಮೆಕ್ಯಾನಿಕ್ ಮೆಟ್ಟಿಲ ಮೇಲೆ ನಿಂತ. ಕೆಳಗೆ ಕಾರಿನ ಹಾರ್ನು ಎರಡು ಸಲ ಕೂಗಿತು. ಮೊದಲೇ ಬಾತಿದ್ದ ಆ ಪಾದದ ಮೇಲೆ ಬೂಟಿನ ಗೆರೆಗಳು ಅಚ್ಚೊತ್ತಿದ ಹಾಗೆ ಎದ್ದಿದ್ದವು. ಅಂಚಿನಲ್ಲಿ ಕೆಮ್ಮಣ್ಣು ಆಗಲೇ ಒಣಗತೊಡಗಿತ್ತು.